ರಸ್ತೆ ಉಪ್ಪಿನಿಂದ ಕಾರು ಉಳಿಸೋಕೆ ಒಂದು ಐಡಿಯಾ ಇದೆ, ತಪ್ಪಿದ್ದರೆ ಈಗಲೇ ಹೇಳಿ

ಸಿರಾಕ್ಯೂಸ್_ಸೀನ
ಹಿಮದ ಊರುಗಳಲ್ಲಿ ಇರುವ ಕನ್ನಡಿಗರೆಲ್ಲ ಸ್ವಲ್ಪ ಇತ್ತ ಬನ್ನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಮ್ಮ ಸಿರಾಕ್ಯೂಸ್‌ನಲ್ಲಿ ವರ್ಷಕ್ಕೆ ನೂರು ಇಂಚಿಗೂ ಜಾಸ್ತಿ ಹಿಮ ಬೀಳುತ್ತದೆ. ಅದನ್ನು ಕರಗಿಸಲು ಏಪ್ರಿಲ್‌ವರೆಗೂ ರಸ್ತೆಗೆ ಉಪ್ಪು ಸುರಿಯುತ್ತಲೇ ಇರುತ್ತಾರೆ. ಮೊನ್ನೆ ಟೈರ್ ಬದಲಿಸುವಾಗ ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ಬಾಗಿಲ ಕೆಳಗೆ, ಜಾಕ್ ಕೊಡುವ ಜಾಗದ ಪಕ್ಕದಲ್ಲಿ, ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಸೀದಾ ಒಳಗೆ ಹೋಯಿತು! ಚಕ್ಕೆ ಚಕ್ಕೆಯಾಗಿ ಕಂದು ಪುಡಿ ಉದುರಿತು. ಎಂಜಿನ್ ಮಾತ್ರ ಗುಂಡುಕಲ್ಲಿನ ಹಾಗಿದೆ.

ನನ್ನ ಐಡಿಯಾ ಹೀಗೆ. ಗ್ಯಾರೇಜ್ ಬಾಗಿಲ ಹತ್ತಿರ ನೆಲಕ್ಕೆ ಹಾಸುವ ಒಂದು ದಪ್ಪ ರಬ್ಬರ್ ಚಾಪೆ. ಅದರೊಳಗೆ ಅಡ್ಡಡ್ಡ ಪೈಪು, ಪೈಪಿಗೆ ಮೇಲ್ಮುಖ ನಾಜಲ್‌ಗಳು. ಬೇಸ್‌ಮೆಂಟಿನ ವಾಷಿಂಗ್ ಮಷೀನ್ ಲೈನಿಂದ ಬಿಸಿನೀರು. ಚಕ್ರದ ಭಾರ ಬಿದ್ದ ಕೂಡಲೇ ವಾಲ್ವ್ ತೆರೆಯಬೇಕು, ಕಾರು ದಾಟಿದ ಮೇಲೆ ಮುಚ್ಚಬೇಕು. ದಿನಾ ಆಫೀಸಿಂದ ಬಂದ ಕೂಡಲೇ ಕಾರಿನ ಹೊಟ್ಟೆಗೆ ಸ್ನಾನ. ಇದನ್ನು ಮಾಡಿ ಮಾರಬಹುದಾ? ಯಾರಾದರೂ ಈಗಾಗಲೇ ಮಾಡಿದ್ದಾರಾ? ಎಲ್ಲಿ ಕೈಕೊಡುತ್ತದೆ ಹೇಳಿ.

ಸುಮ್ನೆ_ನೋಡ್ತಿದೀನಿ
ಕಾರಿಗೆ ದಿನಾ ಬಿಸಿನೀರ ಸ್ನಾನ. ನನಗೇ ಸಿಗುತ್ತಿಲ್ಲ ಗುರು.

ಲೀಸ್_ಲಿಂಗಣ್ಣ
ಮೂರು ವರ್ಷಕ್ಕೆ ಲೀಸ್ ತಗೊಳ್ಳಿ, ವಾಪಸ್ ಕೊಡಿ. ತುಕ್ಕು ಮುಂದಿನವನ ತಲೆನೋವು. ಸಮಸ್ಯೆ ಮುಗಿಯಿತು.

ಹ್ಯಾಮಿಲ್ಟನ್_ಹೆಗಡೆ
ಲಿಂಗಣ್ಣ, ಆ ಮುಂದಿನವನು ನಾನೇ. ನೀವು ಬಿಟ್ಟ ಕಾರನ್ನೇ ನಾವು ಸೆಕೆಂಡ್ ಹ್ಯಾಂಡ್ ತಗೊಳ್ಳುವುದು. ಸ್ವಲ್ಪ ದಯೆ ತೋರಿಸಿ.

ಸೀನ ಅವರೆ, ಐಡಿಯಾ ಚೆನ್ನಾಗಿದೆ, ಆದರೆ ಜನವರಿಯಲ್ಲಿ ಮೈನಸ್ 15 ಇದ್ದಾಗ ಏನು ಮಾಡುತ್ತೀರಿ? ಹೊರಗಿನ ನಲ್ಲಿಯನ್ನು ಪೈಪ್ ಒಡೆಯಬಾರದು ಅಂತ ನಾವು ನವೆಂಬರ್‌ನಲ್ಲೇ ಬಂದ್ ಮಾಡುತ್ತೇವೆ. ನಿಮ್ಮ ಚಾಪೆಯೊಳಗೆ ಉಳಿದ ನೀರು ರಾತ್ರಿ ಗಟ್ಟಿಯಾದರೆ ಬೆಳಿಗ್ಗೆ ನಾಜಲ್ ಎಲ್ಲ ಸೀಳಿರುತ್ತದೆ. ಕಾರಿನ ಕೆಳಗಿಂದ ಸುರಿದ ನೀರು ಡ್ರೈವ್‌ವೇ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನೀವು ಜಾರಬಾರದು ಅಂತ ಏನು ಹಾಕುತ್ತೀರಿ? ಉಪ್ಪು!

ಸಿರಾಕ್ಯೂಸ್_ಸೀನ
ಹೆಗಡೆಯವರೆ, ಇದಕ್ಕೇ ನಾನು ಇಲ್ಲಿ ಬರೆದಿದ್ದು. ಚಾಪೆಯನ್ನು ಇಳಿಜಾರಾಗಿ ಮಾಡಿ, ಬಳಸಿದ ಮೇಲೆ ಸಣ್ಣ ಏರ್ ಕಂಪ್ರೆಸರ್‌ನಿಂದ ನೀರು ಊದಿಬಿಟ್ಟರೆ? ಗ್ಯಾರೇಜಿನ ಒಳಗೇ ಇಟ್ಟು, ನೆಲದ ಡ್ರೈನಿಗೆ ಬಿಟ್ಟರೆ?

ಟ್ರಾಯ್_ಮಾಮ
ನಾನು ಮಿಶಿಗನ್‌ನಲ್ಲಿ ಕಾರಿನ ಮೈಗೆ ಬಣ್ಣದ ಕೋಟಿಂಗ್ ಮಾಡುವ ಲೈನಿನಲ್ಲೇ ಬಹಳ ವರ್ಷದಿಂದ ಕೆಲಸ ಮಾಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಶತ್ರು ಎಲ್ಲಿ ಕೂತಿದ್ದಾನೆ ನೋಡಿ. ಕೆಳಗಡೆ ಬಯಲಾಗಿ ಕಾಣುವ ಅಗಲ ತಗಡು ಅಷ್ಟು ಬೇಗ ಹೋಗುವುದಿಲ್ಲ. ಹೋಗುವುದು ಎರಡು ತಗಡು ಮಡಚಿ ಸೇರಿಸಿದ ಅಂಚು, ಬಾಗಿಲ ಕೆಳತುದಿ, ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗದ ಒಳಗೋಡೆ, ಹಿಂದಿನ ಚಕ್ರದ ಕಮಾನಿನ ಒಳತುಟಿ. ಈ ಜಾಗಗಳಿಗೆಲ್ಲ ನೀರು ಹೊರಹೋಗಲು ಸಣ್ಣ ತೂತು ಬಿಟ್ಟಿರುತ್ತೇವೆ. ಎಲೆ, ಮಣ್ಣು ಸೇರಿ ಆ ತೂತು ಕಟ್ಟಿಕೊಂಡರೆ ಉಪ್ಪುನೀರು ಒಳಗೇ ನಿಲ್ಲುತ್ತದೆ. ಅಂದರೆ ತುಕ್ಕು ಶುರುವಾಗುವುದು ಒಳಗಿನಿಂದ. ನಿಮಗೆ ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕಥೆ ಮುಗಿದಿರುತ್ತದೆ.

ಹಾಗಾಗಿ ಕೆಳಗಿಂದ ಮೇಲಕ್ಕೆ ಜೋರಾಗಿ ನೀರು ಹೊಡೆದರೆ ಅಗಲ ತಗಡು ಫಳಫಳ ಆಗುತ್ತದೆ. ಆದರೆ ಅದೇ ಒತ್ತಡ ಉಪ್ಪುನೀರನ್ನು ಸಂದಿಯೊಳಗೂ ತಳ್ಳಬಹುದು. ಬೇಕಾದ್ದು ಕಡಿಮೆ ಒತ್ತಡ, ಜಾಸ್ತಿ ನೀರು, ಸ್ವಲ್ಪ ಹೊತ್ತು. ಹುಲ್ಲಿಗೆ ನೀರು ಹಾಕುವ ಅಡ್ಡಾಡುವ ಸ್ಪ್ರಿಂಕ್ಲರ್ ಇರುತ್ತದಲ್ಲ, ಅದನ್ನು ಕಾರಿನ ಕೆಳಗಿಟ್ಟು ಹದಿನೈದು ನಿಮಿಷ ಬಿಡುವುದು ಇಲ್ಲಿಯ ಹಳಬರ ಉಪಾಯ. ಸೊನ್ನೆಗಿಂತ ಮೇಲೆ ಬಿಸಿ ಇರುವ ದಿನ ಮಾತ್ರ.

ಹುಬ್ಬಳ್ಳಿ_ಮಂದಿ
ಮಾಮಾರ, ಒಂದು ಪ್ರಶ್ನೆ ರೀ. ನಮ್ಮ ದೆಹಲಿ ಕಬ್ಬಿಣದ ಕಂಬಕ್ಕೆ 1600 ವರ್ಷ ಆದರೂ ತುಕ್ಕು ಹಿಡಿದಿಲ್ಲ. ಅದೇ ಕಬ್ಬಿಣದಾಗ ಕಾರು ಮಾಡಿದರೆ ಮುಗೀತಲ್ಲ?

ಸುಮ್ನೆ_ನೋಡ್ತಿದೀನಿ
ಬಂತು. ಯಾವ ಥ್ರೆಡ್‌ಗೂ ಕಂಬ ಬಂದೇ ಬರುತ್ತದೆ.

ರಸಾಯನ_ರಮಾ
ನಗಬೇಡಿ, ಪ್ರಶ್ನೆ ಸರಿಯಾಗೇ ಇದೆ. ಆ ಕಂಬದ ಕಬ್ಬಿಣದಲ್ಲಿ ರಂಜಕ ಜಾಸ್ತಿ. ಮೇಲೆ ತೆಳುವಾದ, ಬಿಗಿಯಾದ ಒಂದು ಪದರ ಕಟ್ಟಿಕೊಂಡು ಒಳಗಿನದನ್ನು ಕಾಯುತ್ತದೆ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಇದರ ಬಗ್ಗೆ ತುಂಬ ಕೆಲಸ ಮಾಡಿದ್ದಾರೆ. ದೆಹಲಿವರೆಗೂ ಹೋಗಬೇಕಿಲ್ಲ, ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿಯ ಮುಂದೆಯೂ ಒಂದು ಕಬ್ಬಿಣದ ಕಂಬ ಇದೆ. ಅಷ್ಟು ಮಳೆಯಲ್ಲೂ ನಿಂತಿದೆ.

ಆದರೆ ರಂಜಕ ಜಾಸ್ತಿಯಾದ ಕಬ್ಬಿಣ ಬೇಗ ಸೀಳುತ್ತದೆ. ಕಾರಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಬಾಗಿಸಬೇಕು, ಅಪಘಾತದಲ್ಲಿ ಅದು ಮುರಿಯದೆ ಮಡಚಬೇಕು. ಇನ್ನೊಂದು, ಉಪ್ಪಿನಲ್ಲಿರುವ ಕ್ಲೋರೈಡ್ ಬಂದರೆ ಇಂಥ ಪದರಗಳೆಲ್ಲ ಸೋಲುತ್ತವೆ. ಸೇತುವೆಗೆ ಬಳಸುವ, ತಾನೇ ತುಕ್ಕಿನ ಕವಚ ಕಟ್ಟಿಕೊಳ್ಳುವ ಉಕ್ಕು ಸಹ ಉಪ್ಪು ಬೀಳುವ ಜಾಗದಲ್ಲಿ ಹಾಳಾಗುತ್ತದೆ.

ಹುಬ್ಬಳ್ಳಿ_ಮಂದಿ
ಆತು ಬಿಡ್ರಿ. ಹಂಗಾದರ ಸ್ಟೇನ್‌ಲೆಸ್ ಸ್ಟೀಲ್?

ಟ್ರಾಯ್_ಮಾಮ
ಅದೂ ಆಗಿದೆ. 1981ರಲ್ಲಿ ಡೆಲೋರಿಯನ್ ಅಂತ ಕಾರು ಬಂತು, ಮೈಯೆಲ್ಲ ಸ್ಟೇನ್‌ಲೆಸ್. ಕೆಳಗಿನ ಫ್ರೇಮ್ ಮಾತ್ರ ಎಪಾಕ್ಸಿ ಅನ್ನುವ ಗಟ್ಟಿ ಲೇಪನ ಬಳಿದ ಸಾದಾ ಉಕ್ಕು. ಎಪಾಕ್ಸಿ ಎದ್ದ ಕಡೆ ಆ ಫ್ರೇಮಿಗೆ ತುಕ್ಕು. ಮೇಲೆ ಮದುವೆ ಮನೆ, ಕೆಳಗೆ ಪಾಳು ಮನೆ.

ನಿಜವಾಗಿ ಗೆದ್ದಿದ್ದು ಸತು. 1970ರ ದಶಕದ ನಡುವಿನಲ್ಲಿ ಪೋರ್ಷೆ 911 ಕಾರು, 1980ರ ದಶಕದಲ್ಲಿ ಆಡಿ ಕಂಪನಿಯ ಕಾರುಗಳು, ಮೈಗೆ ಸತು ಲೇಪಿಸಿದ ತಗಡು ಬಳಸಿದವು. ಈಗ ಬಹುತೇಕ ಎಲ್ಲರೂ ಬಳಸುತ್ತಾರೆ. ಅದರ ಮೇಲೆ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಕೊಟ್ಟು ಸಂದಿಗೊಂದಿಗೂ ಪ್ರೈಮರ್ ಅಂಟಿಸುತ್ತೇವೆ. ಆ ಪದರ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ ಅಷ್ಟೇ. 1970ರ ದಶಕದ ಕಾರುಗಳು ಮೂರ್ನಾಲ್ಕು ಚಳಿಗಾಲಕ್ಕೆ ತೂತಾಗುತ್ತಿದ್ದವು, ಈಗ ಹತ್ತು ಹದಿನೈದು ವರ್ಷ ಬರುತ್ತವೆ. ಅದಕ್ಕೆ ಮುಖ್ಯ ಕಾರಣ ಈ ಎರಡು. ಆದರೆ ಕಲ್ಲು ಸಿಡಿದು ಕೆತ್ತಿದ ಜಾಗ, ವೆಲ್ಡ್ ಆದ ಫ್ರೇಮ್, ಬ್ರೇಕ್ ಪೈಪ್ ಇವೆಲ್ಲ ಇನ್ನೂ ದುರ್ಬಲ.

ಉಳ್ಳಾಲದ_ಅಣ್ಣು
ನಿಮ್ಮ ಸಮಸ್ಯೆ ನಮಗೆ ಹೊಸದಲ್ಲ ಮಾರಾಯ್ರೆ. ಉಳ್ಳಾಲ, ಮಲ್ಪೆ ಕಡೆ ಹಿಮ ಇಲ್ಲ, ಉಪ್ಪು ಬೇಕಾದಷ್ಟು ಉಂಟು. ಮೀನು ಲಾರಿಯಿಂದ ಐಸ್ ಕರಗಿದ ಉಪ್ಪುನೀರು ರಸ್ತೆಯುದ್ದ ಸುರಿಯುತ್ತದೆ. ಅದರ ಹಿಂದೆ ಬೈಕಿನಲ್ಲಿ ಹೋಗುವವನ ಅವಸ್ಥೆ ಕೇಳುವುದೇ ಬೇಡ, ಜಾರುವುದೂ ಅದರಲ್ಲೇ, ಸೈಲೆನ್ಸರ್ ಹೋಗುವುದೂ ಅದರಲ್ಲೇ. ಮೇಲಿಂದ ಕಡಲ ಗಾಳಿ. ಮನೆಯ ಕಿಟಕಿ ಸರಳೇ ಉಳಿಯುವುದಿಲ್ಲ, ಇನ್ನು ಗಾಡಿ.

ನಮ್ಮ ಲಾರಿಯವರು ಮಳೆಗಾಲಕ್ಕೆ ಮುಂಚೆ ಏನು ಮಾಡುತ್ತಾರೆ ಗೊತ್ತಾ? ಲಾರಿಯ ಅಡಿಭಾಗಕ್ಕೆ ಡೀಸೆಲ್ ಹೊಡೆದು ತೊಳೆದು, ಒಣಗಿದ ಮೇಲೆ ಎಂಜಿನ್ನಿಂದ ತೆಗೆದ ಹಳೆ ಆಯಿಲ್ ಸ್ಪ್ರೇ ಮಾಡುತ್ತಾರೆ. ಧೂಳು ಕೂತು ಕಪ್ಪು ಅಂಟು ಆಗುತ್ತದೆ. ನೋಡಲಿಕ್ಕೆ ಗಲೀಜು, ಆದರೆ ಚಾಸಿ ನಿಲ್ಲುತ್ತದೆ. ಇದಕ್ಕೆ ಪೇಟೆಂಟ್ ಬೇಡ.

ರಸಾಯನ_ರಮಾ
ಅಣ್ಣು ಅವರೆ, ತತ್ವ ಸರಿ, ಪದಾರ್ಥ ತಪ್ಪು. ಹಳೆ ಎಂಜಿನ್ ಆಯಿಲ್‌ನಲ್ಲಿ ಆಮ್ಲ, ಲೋಹದ ಪುಡಿ, ಕರಿ ಎಲ್ಲ ಇರುತ್ತದೆ. ಅದು ತೊಟ್ಟಿಕ್ಕಿ ಬಾವಿಗೆ, ಹೊಳೆಗೆ ಹೋಗುತ್ತದೆ. ಅಮೆರಿಕ, ಕೆನಡಾದಲ್ಲಿ ಹಾಗೆ ನೆಲಕ್ಕೆ ಬಿಟ್ಟರೆ ದಂಡ. ದಯವಿಟ್ಟು ಯಾರೂ ಇದನ್ನು ಓದಿ ಡ್ರೈವ್‌ವೇನಲ್ಲಿ ಶುರು ಮಾಡಬೇಡಿ.

ತತ್ವ ಇಷ್ಟೇ. ತುಕ್ಕಿಗೆ ಕಬ್ಬಿಣ, ಆಮ್ಲಜನಕ, ನೀರು ಮೂರೂ ಬೇಕು. ಉಪ್ಪು ಕಬ್ಬಿಣವನ್ನು ನೇರವಾಗಿ ತಿನ್ನುವುದಿಲ್ಲ. ಅದು ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುವಂತೆ ಮಾಡುತ್ತದೆ, ಕಾಯುವ ಪದರವನ್ನು ಚುಚ್ಚಿ ಒಡೆಯುತ್ತದೆ, ಆಮೇಲೆ ಗಾಳಿಯಿಂದ ನೀರು ಎಳೆದುಕೊಂಡು ಜಾಗವನ್ನು ಒದ್ದೆಯಾಗಿಡುತ್ತದೆ. ಎಣ್ಣೆ ನೀರನ್ನು ದೂರ ತಳ್ಳಿದರೆ ಆಟ ನಿಂತಿತು.

ಸಿರಾಕ್ಯೂಸ್_ಸೀನ
ಮೇಡಂ, ಹಾಗಾದರೆ ಗ್ಯಾರೇಜ್ ಒಣಗಿಸಿಟ್ಟರೆ ಸಾಕಲ್ವಾ? ಚಾಪೆ ಬಿಡಿ, ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಇಡುತ್ತೇನೆ.

ರಸಾಯನ_ರಮಾ
ಇಲ್ಲೇ ಮಜಾ ಇರುವುದು. ಸಾದಾ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಮಾತ್ರ ತಾನಾಗಿ ನೀರಾಗುತ್ತದೆ. ಗ್ಯಾರೇಜನ್ನು 50 ಶೇಕಡಾದಲ್ಲಿಟ್ಟರೆ ಅದು ಒಣಗಿ ಬಿಳಿ ಪುಡಿಯಾಗಿ ಕೂರುತ್ತದೆ. ಆದರೆ ಈಗ ತುಂಬ ಊರುಗಳಲ್ಲಿ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಸಹ ಹಾಕುತ್ತಾರೆ. ಮೆಗ್ನೀಸಿಯಂನದು ಸುಮಾರು 33 ಶೇಕಡಾ ತೇವಕ್ಕೇ ನೀರಾಗುತ್ತದೆ, ಕ್ಯಾಲ್ಸಿಯಂನದು ಇನ್ನೂ ಸ್ವಲ್ಪ ಕಡಿಮೆಗೆ. ಅಂದರೆ ನಿಮಗೆ ಒಣಗಿದೆ ಅನ್ನಿಸುವ ಗ್ಯಾರೇಜಿನಲ್ಲೂ ಕಾರಿನ ಅಡಿ ಒದ್ದೆಯಾಗೇ ಇರುತ್ತದೆ.

ಬಿಸಿ ಗ್ಯಾರೇಜ್ ಇನ್ನೂ ಕೆಟ್ಟದ್ದು. ಹೊರಗೆ ಮೈನಸ್ 10ರಲ್ಲಿ ನಿಂತ ಕಾರಿಗೆ ತುಕ್ಕು ಆಮೆ ಹೆಜ್ಜೆಯಲ್ಲಿ ಹೋಗುತ್ತದೆ. ಉಪ್ಪು ಮೆತ್ತಿಕೊಂಡು ಬಂದು ಹೀಟರ್ ಇರುವ ಗ್ಯಾರೇಜಿನಲ್ಲಿ ನಿಂತರೆ ಓಡುತ್ತದೆ.

ಲೀಸ್_ಲಿಂಗಣ್ಣ
ಹೀಟೆಡ್ ಗ್ಯಾರೇಜ್ ಇರುವ ಮನೆಗೆ ಜಾಸ್ತಿ ದುಡ್ಡು ಕೊಟ್ಟೆ. ಥ್ಯಾಂಕ್ಸ್ ಮೇಡಂ.

ಹ್ಯಾಮಿಲ್ಟನ್_ಹೆಗಡೆ
ಲೀಸ್ ಕಾರಿಗೆ ಏನಾದರೇನು ಲಿಂಗಣ್ಣ?

ಲೀಸ್_ಲಿಂಗಣ್ಣ
ಹೆಂಡತಿಯ ಕಾರು ಸ್ವಂತದ್ದು.

ಅಡುಗೆ_ಸೋಡಾ
ಬೇಕಿಂಗ್ ಸೋಡಾ ನೀರಿನಲ್ಲಿ ಕರಗಿಸಿ ಹೊಡೆದರೆ ಉಪ್ಪು ನ್ಯೂಟ್ರಲ್ ಆಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು?

ರಸಾಯನ_ರಮಾ
ಉಪ್ಪು ಆಮ್ಲ ಅಲ್ಲ, ಅದು ಮೊದಲೇ ನ್ಯೂಟ್ರಲ್. ಕ್ಲೋರೈಡ್ ಹಾಗೇ ಉಳಿಯುತ್ತದೆ. ಸೋಡಾ ಇಡ್ಲಿಗೆ ಇಟ್ಟುಕೊಳ್ಳಿ.

ಉಳ್ಳಾಲದ_ಅಣ್ಣು
ಇಡ್ಲಿಗೆ ಸೋಡಾ ಹಾಕುವವರು ಇಲ್ಲಿ ಯಾರು? ಇದು ತುಕ್ಕಿಗಿಂತ ದೊಡ್ಡ ಅಪರಾಧ.

ಮಂಡ್ಯ_ಇನ್_ಮಿಲ್ವಾಕಿ
ಇಡ್ಲಿ ಜಗಳ ಬೇರೆ ಥ್ರೆಡ್‌ಗೆ ಒಯ್ಯಿರಿ ಸ್ವಾಮಿ. ಎಲ್ಲರೂ ಕಾರನ್ನೇ ಹಿಡಿದುಕೊಂಡಿದ್ದೀರಿ. ಉಪ್ಪು ಸುರಿಯುವವರನ್ನು ಯಾಕೆ ಯಾರೂ ಕೇಳುತ್ತಿಲ್ಲ? ನಮ್ಮ ಮಿಲ್ವಾಕಿಯಲ್ಲಿ ಚೀಸ್ ಮಾಡಿ ಉಳಿದ ಉಪ್ಪುನೀರನ್ನು ರಸ್ತೆಗೆ ಹಾಕಿ ನೋಡಿದರು. ಚೀಸ್ ಫ್ಯಾಕ್ಟರಿಗೆ ಕಸ, ಊರಿಗೆ ಉಳಿತಾಯ. ಬೇರೆ ಕಡೆ ಸಕ್ಕರೆ ಬೀಟ್‌ನಿಂದ ಉಳಿದ ಕಾಕಂಬಿಯಂಥ ರಸವನ್ನು ಉಪ್ಪುನೀರಿಗೆ ಸೇರಿಸುತ್ತಾರೆ. ಉಪ್ಪು ರಸ್ತೆಗೆ ಅಂಟಿಕೊಳ್ಳುತ್ತದೆ, ಪುಟಿದು ಚರಂಡಿಗೆ ಹೋಗುವುದಿಲ್ಲ, ಹಾಗಾಗಿ ಕಡಿಮೆ ಉಪ್ಪು ಸಾಕು. ಮಂಡ್ಯದ ಶುಗರ್ ಫ್ಯಾಕ್ಟರಿ ಕಾಕಂಬಿಯನ್ನು ಹಡಗಿನಲ್ಲಿ ತರಿಸಿದರೆ ಇಲ್ಲಿಯ ರಸ್ತೆಯೆಲ್ಲ ನಮ್ಮೂರ ಆಲೆಮನೆ ವಾಸನೆ ಬರುತ್ತದೆ.

ಮಿನ್ನೆಸೋಟ_ಮಲೆನಾಡು
ಮಂಡ್ಯದವರು ಹೇಳಿದ್ದು ಸರಿ. ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣದವರು ಹೇಳುವುದು ಒಂದು ಮಾತು: ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಕೆಡಿಸುತ್ತದೆ, ಶಾಶ್ವತವಾಗಿ. ಕ್ಲೋರೈಡ್ ಕರಗಿ ಕೆರೆಗೆ ಹೋಯಿತೆಂದರೆ ವಾಪಸ್ ತೆಗೆಯುವ ಸುಲಭ ದಾರಿ ಇಲ್ಲ. ಸೀನ ಅವರ ಚಾಪೆಯ ನೀರೂ ಅಲ್ಲಿಗೇ ಹೋಗುವುದು. ಕಾರಿಂದ ತೆಗೆದು ಕೆರೆಗೆ ಹಾಕಿದ ಹಾಗೆ.

ಇನ್ನೊಂದು ವಿಷಯ. ಸಾದಾ ಉಪ್ಪು ಮೈನಸ್ 9 ಸೆಲ್ಸಿಯಸ್ ಕೆಳಗೆ ಅಷ್ಟಾಗಿ ಕೆಲಸವೇ ಮಾಡುವುದಿಲ್ಲ. ಪುಸ್ತಕದಲ್ಲಿ ಮೈನಸ್ 21 ಅಂತ ಇದೆ, ಅದು 23 ಶೇಕಡಾ ಉಪ್ಪಿರುವ ನೀರಿಗೆ. ರಸ್ತೆಯಲ್ಲಿ ಅಷ್ಟು ಕರಗಲು ಗಂಟೆಗಟ್ಟಲೆ ಬೇಕು. ಆದರೂ ಮೈನಸ್ 20ರಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ಕಲ್ಲುಪ್ಪು ಗುಡ್ಡೆ ಹಾಕಿರುತ್ತಾರೆ. ಯಾರಿಗಾಗಿ?

ಟ್ರಾಯ್_ಮಾಮ
ವಕೀಲರಿಗಾಗಿ. ಯಾರಾದರೂ ಜಾರಿ ಬಿದ್ದು ಕೇಸ್ ಹಾಕಿದರೆ "ನಾವು ಉಪ್ಪು ಹಾಕಿದ್ದೆವು" ಅಂತ ತೋರಿಸಬೇಕಲ್ಲ.

ನಮ್ಮ ಡೆಟ್ರಾಯಿಟ್ ಊರಿನ ಕೆಳಗೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಕೆನಡಾದಲ್ಲಿ ಹೆಗಡೆಯವರ ಒಂಟಾರಿಯೋದಲ್ಲಿ ಗಾಡರಿಚ್ ಗಣಿ, ಹ್ಯೂರಾನ್ ಸರೋವರದ ಅಡಿಯಲ್ಲಿ. ಕಾರು ಮಾಡುವ ಊರಿನ ಕೆಳಗೇ ಕಾರು ತಿನ್ನುವ ಪದಾರ್ಥ. ಅಗ್ಗವಾಗಿ ಸಿಗುವವರೆಗೂ ಯಾರೂ ಬಿಡುವುದಿಲ್ಲ. ಅಸಿಟೇಟ್ ಜಾತಿಯ ಲವಣ ಇದೆ, ಉಕ್ಕನ್ನು ಅಷ್ಟು ತಿನ್ನುವುದಿಲ್ಲ, ಬೆಲೆ ಹಲವು ಪಟ್ಟು. ಏರ್‌ಪೋರ್ಟ್ ರನ್‌ವೇಗೆ ಅಂಥದ್ದು ಹಾಕುತ್ತಾರೆ, ಊರ ರಸ್ತೆಗೆ ಹಾಕುವುದಿಲ್ಲ.

ಮಿನ್ನೆಸೋಟ_ಮಲೆನಾಡು
ಮಿಶಿಗನ್‌ನ ಹಾಲಂಡ್ ಊರಿನವರು 1988ರಿಂದ ಪವರ್ ಪ್ಲಾಂಟಿನ ಬಿಸಿನೀರನ್ನು ಪೇಟೆಯ ರಸ್ತೆ ಕೆಳಗೆ ಹಾಯಿಸುತ್ತಿದ್ದಾರೆ. ಅಲ್ಲಿ ಹಿಮ ತಾನೇ ಕರಗುತ್ತದೆ. ಜಪಾನಿನ ನಾಗಾವೋಕದಲ್ಲಿ ಬೋರ್‌ವೆಲ್ ನೀರನ್ನು ರಸ್ತೆ ನಡುವಿನ ನಾಜಲ್‌ಗಳಿಂದ ಚಿಮ್ಮಿಸುತ್ತಾರೆ. ನೀರಲ್ಲಿ ಕಬ್ಬಿಣದ ಅಂಶ ಇದ್ದು ರಸ್ತೆಯೇ ಕೆಂಪಗಾಗಿದೆ. ಸೀನ ಅವರ ಚಾಪೆಯನ್ನು ಅವರು ರಸ್ತೆಗೇ ಮಾಡಿದ್ದಾರೆ ನೋಡಿ.

ಸಿರಾಕ್ಯೂಸ್_ಸೀನ
ಊರ ರಸ್ತೆ ಬದಲಿಸುವುದು ನನ್ನ ಕೈಲಿಲ್ಲ ಸರ್. ನನ್ನ ಕೈಲಿರುವುದು ಒಂದು ಕಾರು, ಒಂದು ಗ್ಯಾರೇಜ್, ಶನಿವಾರ. ಅಷ್ಟರಲ್ಲಿ ಏನಾಗುತ್ತದೆ ಹೇಳಿ.

ಕರೆಂಟಿನ ಡಬ್ಬಿ ಬಗ್ಗೆ ಯಾರೂ ಮಾತಾಡಲಿಲ್ಲ. ಕಾರು ತಗೊಳ್ಳುವಾಗ ಡೀಲರ್ ಹತ್ತಿರ ಒಬ್ಬರು ಕರೆಂಟಿನಿಂದ ತುಕ್ಕು ತಡೆಯುತ್ತದೆ ಅಂತ ಬ್ಯಾಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ ತೋರಿಸಿದ್ದರು. ಹಡಗಿಗೂ ಇದೇ ಟೆಕ್ನಾಲಜಿ ಅಂದರು. ನಾನು ತಗೊಳ್ಳಲಿಲ್ಲ. ತಗೋಬೇಕಿತ್ತಾ?

ಟ್ರಾಯ್_ಮಾಮ
ಬೇಡ. ದುಡ್ಡು ಉಳಿಯಿತು ಅಂದುಕೊಳ್ಳಿ.

ಹಡಗಿಗೆ ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. 1824ರಲ್ಲೇ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ಹಡಗುಗಳ ತಾಮ್ರದ ತಗಡನ್ನು ಉಳಿಸಲು ಬೇರೆ ಲೋಹದ ತುಂಡು ಜೋಡಿಸಿದ್ದ. ಆ ತುಂಡು ತಾನು ಸವೆದು ತಾಮ್ರವನ್ನು ಕಾಯುತ್ತಿತ್ತು. ನೆಲದಡಿಯ ಪೈಪ್‌ಲೈನಿಗೂ ಇದೇ ಮಾಡುತ್ತಾರೆ. ಆದರೆ ಹಡಗು ಸಮುದ್ರದಲ್ಲಿ ಮುಳುಗಿದೆ, ಕರೆಂಟ್ ಹರಿಯಲು ಸುತ್ತ ನೀರು ಒಂದೇ ಸಮ ಇದೆ. ಕಾರು ಗಾಳಿಯಲ್ಲಿ ಓಡುತ್ತದೆ. ಇಲ್ಲೊಂದು ಹನಿ, ಅಲ್ಲೊಂದು ಹನಿ. ಬ್ಯಾಟರಿ ಪಕ್ಕದ ಪೆಟ್ಟಿಗೆಯಿಂದ ಹಿಂದಿನ ಚಕ್ರದ ಹನಿಗೆ ಕರೆಂಟ್ ಯಾವ ದಾರಿಯಲ್ಲಿ ಬರಬೇಕು? ಸತು ಲೇಪನ ಕೆಲಸ ಮಾಡುವುದು ಅದು ಉಕ್ಕಿಗೆ ಅಂಟಿಕೊಂಡೇ ಇರುವುದರಿಂದ. ಗೀರಿನ ಎರಡು ಪಕ್ಕದಲ್ಲೂ ಸತು ಇರುತ್ತದೆ, ನಡುವೆ ಒಂದೇ ಹನಿ ಸಾಕು. 1990ರ ದಶಕದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಡಬ್ಬಿ ಮಾರುತ್ತಿದ್ದವರ ಮೇಲೆ ಕ್ರಮ ತೆಗೆದುಕೊಂಡಿತ್ತು. ಇನ್ನೂ ಮಾರುತ್ತಲೇ ಇದ್ದಾರೆ.

ಹ್ಯಾಮಿಲ್ಟನ್_ಹೆಗಡೆ
ಒಂಟಾರಿಯೋದಲ್ಲಿ ಇದಕ್ಕೆ ಉತ್ತರ ಬಹಳ ಹಳೆಯದು: ಪ್ರತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಣ್ಣೆ ಸ್ಪ್ರೇ. ಕ್ರೌನ್, ರಸ್ಟ್ ಚೆಕ್ ಅಂತ ಇದಕ್ಕೇ ಅಂಗಡಿಗಳಿವೆ. ತೆಳು ಎಣ್ಣೆ, ಸಂದಿಯಲ್ಲಿ ತಾನೇ ತೆವಳಿಕೊಂಡು ಹೋಗುತ್ತದೆ. ಬಾಗಿಲ ಒಳಗೂ, ಮಾಮ ಹೇಳಿದ ಪೆಟ್ಟಿಗೆಯ ಒಳಗೂ ಉದ್ದ ಕೊಳವೆ ಹಾಕಿ ಹೊಡೆಯುತ್ತಾರೆ. ಎರಡು ದಿನ ತೊಟ್ಟಿಕ್ಕುತ್ತದೆ, ನೆಲಕ್ಕೆ ರಟ್ಟು ಹಾಸಬೇಕು. ವರ್ಷ ವರ್ಷ ಮಾಡಿಸಬೇಕು, ಅದೊಂದೇ ಕಿರಿಕಿರಿ.

ಒಂದು ಎಚ್ಚರಿಕೆ. ಟಾರಿನಂಥ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಮಾಡಿಸಬೇಡಿ. ನನ್ನ ಹಿಂದಿನ ವ್ಯಾನಿಗೆ ಒಂದು ಅಂಗಡಿಯವರು "ಲೈಫ್‌ಟೈಮ್" ಅಂತ ಹೇಳಿ ಬಳಿದುಕೊಟ್ಟಿದ್ದರು. ನೋಡಲು ಚೆಂದ. ಅದು ಒಣಗಿ ಬಿರುಕು ಬಿಟ್ಟು, ಒಳಗೆ ಉಪ್ಪುನೀರು ಸೇರಿ, ಹೊರಗೆ ಬರಲು ದಾರಿ ಇಲ್ಲದೆ ಕೂತಿತ್ತು. ಒಂದು ದಿನ ಅಂಗೈಯಗಲದ ಕಪ್ಪು ಸಿಪ್ಪೆ ಕೈಗೆ ಬಂತು. ಅದರ ಒಳಮೈಗೆ ತಗಡೂ ಅಂಟಿಕೊಂಡು ಬಂದಿತ್ತು.

ಟ್ರಾಯ್_ಮಾಮ
ಸೀನ ಅವರು "ಮಾಡಿ ಮಾರಬಹುದಾ" ಅಂತ ಕೇಳಿದ್ದರಲ್ಲ. ಒಳಗೇ ಸಿಂಪಡಿಸುವ ಈ ಉಪಾಯ ಕಂಡುಹಿಡಿದ ಮೊದಲಿಗರಲ್ಲಿ ಒಬ್ಬ ನಮ್ಮ ಊರಿನ ಮೆಕ್ಯಾನಿಕ್, ಕರ್ಟ್ ಝೀಬಾರ್ಟ್. ಜರ್ಮನಿಯಿಂದ ಬಂದವನು. ಬಾಗಿಲಲ್ಲಿ, ಕಂಬಗಳಲ್ಲಿ ಸಣ್ಣ ತೂತು ಕೊರೆದು, ಉದ್ದ ಕೊಳವೆಯಿಂದ ಒಳಗೆ ಮೇಣದಂಥದ್ದನ್ನು ಸಿಂಪಡಿಸಿ, ತೂತಿಗೆ ಬಿರಡೆ ಹಾಕುವುದು ಅವನ ಪದ್ಧತಿ. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಮೊದಲ ಅಂಗಡಿ ಶುರುವಾಯಿತು. ತುಕ್ಕು ಒಳಗಿಂದ ಬರುತ್ತದೆ ಅಂತ ಅರ್ಥ ಮಾಡಿಕೊಂಡು ಒಳಗೇ ಕೈ ಹಾಕಿದ. ಅದೇ ಅವನ ಜಾಣತನ.

ಮಂಡ್ಯ_ಇನ್_ಮಿಲ್ವಾಕಿ
ನಾನು ಲ್ಯಾನೊಲಿನ್ ಹಾಕುತ್ತೇನೆ, ಫ್ಲೂಯಿಡ್ ಫಿಲ್ಮ್ ಅಂತ ಡಬ್ಬಿ ಸಿಗುತ್ತದೆ. ಕುರಿ ಉಣ್ಣೆಯ ಜಿಡ್ಡು ಅದು. ನಮ್ಮ ಕುರುಬರ ಕಂಬಳಿ ಹೊದ್ದುಕೊಂಡು ಮಳೆಯಲ್ಲಿ ಕುರಿ ಕಾಯುತ್ತಿದ್ದರಲ್ಲ, ನೀರು ಇಳಿಯದೆ ಜಾರಿ ಹೋಗಲು ಆ ಜಿಡ್ಡೂ ಒಂದು ಕಾರಣ. ಒಂದೇ ತೊಂದರೆ, ಹೊಡೆದ ವಾರವೆಲ್ಲ ಗ್ಯಾರೇಜ್ ಕುರಿ ದೊಡ್ಡಿ ವಾಸನೆ. ಸೈಲೆನ್ಸರ್ ಮೇಲೆ ಬಿದ್ದರೆ ಕಾರು ಬಿಸಿಯಾದಾಗ ಒಳಗೂ ಬರುತ್ತದೆ. ಮಕ್ಕಳು ಸ್ಕೂಲಿಗೆ ಬಸ್ಸಲ್ಲೇ ಹೋಗುತ್ತೇವೆ ಅಂದರು.

ಟ್ರಾಯ್_ಮಾಮ
ಬ್ರೇಕ್ ಡಿಸ್ಕ್ ಮೇಲೆ ಮಾತ್ರ ಬೀಳಬಾರದು, ಅದು ಪ್ರಾಣದ ಪ್ರಶ್ನೆ. ಎಲೆಕ್ಟ್ರಿಕ್ ಕಾರಾದರೆ ಕೇಸರಿ ಬಣ್ಣದ ಕೇಬಲ್, ಕನೆಕ್ಟರ್ ಹತ್ತಿರ ಹೋಗಬೇಡಿ. ಪೆಟ್ರೋಲಿಯಂ ಎಣ್ಣೆಯಾದರೆ ಕೆಲವು ರಬ್ಬರ್ ಬುಷ್ ಊದಿಕೊಳ್ಳುತ್ತವೆ, ಅದನ್ನೂ ನೋಡಿಕೊಳ್ಳಿ.

ಬ್ರೇಕ್ ವಿಷಯ ಬಂತು, ಹೇಳಿಬಿಡುತ್ತೇನೆ. ಬಾಡಿಯ ತೂತು ನೋಡಿ ಬೇಜಾರಾಗಬಹುದು, ಬ್ರೇಕ್ ಪೈಪ್ ತೂತಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹಳೆ ಪಿಕಪ್ ಟ್ರಕ್‌ಗಳ ಬ್ರೇಕ್ ಪೈಪ್ ತುಕ್ಕಿನ ಬಗ್ಗೆ ಅಮೆರಿಕದ ರಸ್ತೆ ಸುರಕ್ಷತೆ ಇಲಾಖೆ ವರ್ಷಗಟ್ಟಲೆ ತನಿಖೆ ಮಾಡಿ 2015ರಲ್ಲಿ ಮುಗಿಸಿತು. ರೀಕಾಲ್ ಮಾಡಿಸಲಿಲ್ಲ. ಅಡಿ ತೊಳೆಯಿರಿ, ಪೈಪ್ ಪರೀಕ್ಷೆ ಮಾಡಿಸಿ ಅಂತ ಜನರಿಗೇ ಹೇಳಿತು. ಬದಲಿಸುವುದಾದರೆ ನಿಕಲ್-ತಾಮ್ರದ ಪೈಪ್ ಹಾಕಿಸಿ. ವೋಲ್ವೋದವರು 1970ರ ದಶಕದಿಂದ ಬಳಸಿದ್ದು ಅದನ್ನೇ.

ಸುಮ್ನೆ_ನೋಡ್ತಿದೀನಿ
ಇದನ್ನೆಲ್ಲ ಓದಿ ನಾನು ಬಸ್ ಪಾಸ್ ಮಾಡಿಸಿದೆ.

ಸಿರಾಕ್ಯೂಸ್_ಸೀನ
ಸರಿ, ಎಣ್ಣೆಯನ್ನು ಒಪ್ಪಿದೆ. ಆದರೆ ನನಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಎಣ್ಣೆ ಎಲ್ಲಿ ಒರೆಸಿ ಹೋಗಿದೆ, ಯಾವಾಗ ತೊಳೆಯಬೇಕು, ಅದು ಗೊತ್ತಾಗುವುದು ಹೇಗೆ? ಈಗ ಎಲ್ಲರೂ ಅಂದಾಜಿನಲ್ಲಿ ತೊಳೆಯುತ್ತಿದ್ದೇವೆ. ಮೈನಸ್ ಹತ್ತರಲ್ಲಿ ತೊಳೆದು ಬಾಗಿಲ ರಬ್ಬರ್ ಹೆಪ್ಪುಗಟ್ಟಿಸಿಕೊಳ್ಳುತ್ತೇವೆ. ಪೆಟ್ಟಿಗೆ ಭಾಗದ ಒಳಗೆ ಒಂದು ಸಣ್ಣ ಸೆನ್ಸರ್ ಇಟ್ಟು, "ಒಳಗೆ ಉಪ್ಪು ಒದ್ದೆಯಾಗಿದೆ, ನಾಳೆ ಸೊನ್ನೆ ಮೇಲೆ ಬರುತ್ತದೆ, ತೊಳಿ" ಅಂತ ಫೋನಿಗೆ ಹೇಳಿಸಬಹುದಲ್ವಾ?

ರಸಾಯನ_ರಮಾ
ಈಗ ದಾರಿಗೆ ಬಂದಿರಿ. ಇದು ಚಾಪೆಗಿಂತ ನೂರು ಪಾಲು ಒಳ್ಳೆಯ ಯೋಚನೆ. ಕಬ್ಬಿಣ ಮತ್ತು ಬೆಳ್ಳಿಯ ತೆಳು ಗೆರೆಗಳನ್ನು ಪಕ್ಕಪಕ್ಕ ಇಟ್ಟರೆ, ಮೇಲೆ ಉಪ್ಪುನೀರು ಬಿದ್ದ ಕೂಡಲೇ ಸಣ್ಣ ಕರೆಂಟ್ ಹರಿಯುತ್ತದೆ. ಒಣಗಿದರೆ ನಿಲ್ಲುತ್ತದೆ. ಅದನ್ನು ಅಳೆದರೆ ಎಷ್ಟು ಗಂಟೆ ಒದ್ದೆಯಿತ್ತು ಅಂತ ಗೊತ್ತಾಗುತ್ತದೆ. ಸೇತುವೆ, ಕಟ್ಟಡಗಳಿಗೆ ಸಂಶೋಧಕರು ಇಂಥದ್ದನ್ನು ಹಚ್ಚುತ್ತಾರೆ. ಪೈಪ್‌ಲೈನಿನವರು ಬೇರೆ ಉಪಾಯ ಮಾಡುತ್ತಾರೆ: ತೆಳು ಉಕ್ಕಿನ ತಂತಿ ಒಳಗಿಟ್ಟು ಅದರ ರೆಸಿಸ್ಟೆನ್ಸ್ ನೋಡುತ್ತಾರೆ. ತಂತಿ ಸವೆದ ಹಾಗೆ ರೆಸಿಸ್ಟೆನ್ಸ್ ಏರುತ್ತದೆ.

ಆದರೆ ಸೆನ್ಸರ್‌ಗೆ ಮುಂಚೆ ಅಗ್ಗದ ಪರೀಕ್ಷೆ ಒಂದು ಮಾಡಿ. ಒಂದೇ ತಗಡಿನಿಂದ ಒಂದೇ ಅಳತೆಯ ನಾಲ್ಕು ಚೂರು ಕತ್ತರಿಸಿ. ಮರಳು ಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ತೂಕ ಬರೆದಿಡಿ. ಒಂದು ಹಾಗೇ ಬರಿ ತಗಡು, ಒಂದಕ್ಕೆ ಲ್ಯಾನೊಲಿನ್, ಒಂದಕ್ಕೆ ಮೇಣ, ಇನ್ನೊಂದು ಬರಿ ತಗಡೇ ಆದರೆ ಬಿಸಿಲು ಬಂದ ದಿನಗಳಲ್ಲಿ ತೊಳೆಯುವುದಕ್ಕೆ. ಪ್ಲಾಸ್ಟಿಕ್ ಟೈನಿಂದ ಹಿಂದಿನ ಚಕ್ರದ ಹತ್ತಿರ ಕಟ್ಟಿ. ಕಾರಿನ ಲೋಹಕ್ಕೆ ತಾಗಬಾರದು, ತಾಗಿದರೆ ಲೆಕ್ಕ ತಪ್ಪುತ್ತದೆ. ಏಪ್ರಿಲ್‌ನಲ್ಲಿ ಬಿಚ್ಚಿ, ತುಕ್ಕು ತೆಗೆದು ಮತ್ತೆ ತೂಗಿ. ಎಷ್ಟು ಕಳೆದಿದೆಯೋ ಅಷ್ಟು ಉಪ್ಪು ತಿಂದದ್ದು.

ಟ್ರಾಯ್_ಮಾಮ
ತಗಡು ನಾನು ಕಳಿಸುತ್ತೇನೆ. ಸಾದಾ ಉಕ್ಕಿನದು, ಜೊತೆಗೆ ಸತು ಲೇಪಿಸಿದ್ದೂ ಎರಡು ಚೂರು. ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿಯಿರಿ. ಇಲ್ಲದಿದ್ದರೆ ಅಂಚೇ ಮೊದಲು ಹೋಗಿ ಲೆಕ್ಕವೆಲ್ಲ ಏರುಪೇರಾಗುತ್ತದೆ. ಅಂಚಿಗೆ ಬಳಿದ ಮೇಲೆ ತೂಗಿ, ಮುಂಚೆ ಅಲ್ಲ. ಏಪ್ರಿಲ್‌ನಲ್ಲಿ ತೂಗುವ ಮುಂಚೆ ಎಣ್ಣೆ, ಮೇಣ ಪೂರ್ತಿ ಹೋಗಿರಬೇಕು.

ಲೀಸ್_ಲಿಂಗಣ್ಣ
ಇಷ್ಟೆಲ್ಲ ಮಾಡುವ ಹೊತ್ತಿಗೆ ಹೊಸ ಕಾರೇ ಬರುತ್ತದೆ. ತ್ರಿಪಲ್ ಎ ಅನ್ನುವ ಅಮೆರಿಕದ ವಾಹನ ಸವಾರರ ಸಂಘದವರು 2017ರಲ್ಲೇ ಹೇಳಿದ್ದರು, ಅಮೆರಿಕದ ಡ್ರೈವರ್‌ಗಳು ಈ ಉಪ್ಪಿನ ತುಕ್ಕು ರಿಪೇರಿಗೆ ವರ್ಷಕ್ಕೆ 3 ಬಿಲಿಯನ್ ಡಾಲರ್ ಸುರಿಯುತ್ತಾರೆ ಅಂತ. ನಾನು ಆ ಲೆಕ್ಕದಲ್ಲಿ ಇಲ್ಲ.

ಹ್ಯಾಮಿಲ್ಟನ್_ಹೆಗಡೆ
ಹೆಂಡತಿಯ ಕಾರು ಇದೆಯಲ್ಲ.

ಲೀಸ್_ಲಿಂಗಣ್ಣ
...ಮಾಮ, ನನಗೂ ಎರಡು ಚೂರು ಕಳಿಸಿ. ಬಿಸಿ ಗ್ಯಾರೇಜಿನ ಲೆಕ್ಕಕ್ಕೆ.

ಉಳ್ಳಾಲದ_ಅಣ್ಣು
ಹಾಗಾದರೆ ನಮ್ಮ ಕಡೆಯದ್ದೂ ಸೇರಿಸಿ ಮಾರಾಯ್ರೆ. ಪರಿಚಯದವರ ಮೀನು ಲಾರಿ ಉಂಟು, ಅದರ ಹಿಂದಿನ ಮಡ್‌ಗಾರ್ಡಿಗೆ ಕಟ್ಟುತ್ತೇನೆ. ನಿಮ್ಮ ಸಿರಾಕ್ಯೂಸ್ ಜಾಸ್ತಿಯಾ, ನಮ್ಮ ಮಲ್ಪೆ ಜಾಸ್ತಿಯಾ ನೋಡಿಯೇ ಬಿಡುವ.

ರಸಾಯನ_ರಮಾ
ಮಲ್ಪೆ ಗೆಲ್ಲುತ್ತದೆ. ಉಪ್ಪಿನ ಜೊತೆ ಸೆಕೆಯೂ ಇದೆಯಲ್ಲ. ಅಣ್ಣು ಅವರೆ, ನಿಮ್ಮ ತಗಡೂ ಮಾಮ ಕಳಿಸಿದ್ದೇ ಆಗಿರಬೇಕು, ಅಲ್ಲಿಯ ಗುಜರಿಯದ್ದು ಕಟ್ಟಿದರೆ ಹೋಲಿಸಲು ಆಗುವುದಿಲ್ಲ. ಸೀನ, ನಿಮ್ಮ ಹತ್ತಿರ ಎಂಥ ತಕ್ಕಡಿ ಇದೆ? ಅಡುಗೆಮನೆಯದು ಒಂದು ಗ್ರಾಂ ಲೆಕ್ಕದ್ದು, ಅದು ಸಾಲದು. ಗ್ರಾಂನ ನೂರನೇ ಒಂದು ಭಾಗ ತೋರಿಸುವಂಥದ್ದು ಬೇಕು.

ಸಿರಾಕ್ಯೂಸ್_ಸೀನ
ಚಿನ್ನ ತೂಗುವ ಪುಟ್ಟ ತಕ್ಕಡಿ ಆರ್ಡರ್ ಮಾಡಿದೆ ಮೇಡಂ, ಗುರುವಾರ ಬರುತ್ತದೆ. ಮಾಮ, ವಿಳಾಸ ಮೆಸೇಜ್‌ನಲ್ಲಿ ಕಳಿಸಿದ್ದೇನೆ. ಚಾಪೆಗೆ ತಂದ ನಾಜಲ್‌ಗಳು ಯಾರಿಗಾದರೂ ಬೇಕಾ? ತರಕಾರಿ ಮಡಿಗೆ ಆಗುತ್ತವೆ, ಅಂಚೆ ಖರ್ಚು ಕೊಟ್ಟರೆ ಸಾಕು.

ಮಂಡ್ಯ_ಇನ್_ಮಿಲ್ವಾಕಿ
ನನಗೆ ಬೇಕು. ಮೇ ತಿಂಗಳಲ್ಲಿ ಮೆಂತ್ಯ ಹಾಕುತ್ತೇನೆ. ಅರ್ಧ ಇಂಚಿನ ಪೈಪಿಗೆ ಕೂರುತ್ತವಾ?